ಎರಕದ ತಾರೀಖು

ಹಾರ್ಲನ್ ಸ್ಟ್ರೂಪ್ ಟಾರ್ಪಾಲು ಎಳೆದ.
ಮೊದಲು ಹಾರಿದ್ದು ಬೆಕ್ಕು,
ಆಮೇಲೆ ಧೂಳು,
ಆಮೇಲೆ ಕೆಂಪು.

ಅರವತ್ತೊಂಬತ್ತರ ಕಾರ್ವೆಟ್. ಸೊಂಟ ಸಣ್ಣ, ಭುಜ ಅಗಲ,
ನಾಲ್ಕೂ ಚಕ್ರದಲ್ಲಿ ಗಾಳಿಯಿಲ್ಲ.
"ಹುಟ್ಟಿದ್ದೇ ಕೆಂಪು" ಅಂದ, ನಾನು ಕೇಳದೆಯೇ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು.
ಕೇಳದೆ ಬರುವ ಉತ್ತರ ಎಂಥದೆಂದು
ಹಿಂದಿನ ಸೀಟಿನ ಹುಡುಗರು ಕಲಿಸಿದ್ದಾರೆ.
ಬಾಗಿಲ ಕೀಲಿನ ಸಂದಿಯಲ್ಲಿ ಉಗುರು ಆಡಿಸಿದೆ:
ಕೆಂಪಿನ ಕೆಳಗೆ ಬಿಳಿ, ಬಿಳಿಯ ಕೆಳಗೆ
ಪಾಚಿ ಹಸಿರು.

ಅಕ್ಕನ ಮಗ ಡ್ಯೂಯಿ ಜೇಬಿನಿಂದ ಆಯಸ್ಕಾಂತ ತೆಗೆದು
ಮೈಯೆಲ್ಲ ಒತ್ತಿದ. ಎಲ್ಲೂ ಅಂಟಲಿಲ್ಲ.
"ಪೂರ್ತಿ ಪುಟ್ಟಿ, ಚಿಕ್ಕಮ್ಮಾ" ಎಂದು ಕಿವಿಯಲ್ಲಿ.
ಮಂಕೇ, ಇದರ ಮೈ ಗಾಜಿನ ನಾರು.
ತುಕ್ಕು ಹಿಡಿಯೋದು ಕಾಣುವ ಕಡೆ ಅಲ್ಲ,
ಕೆಳಗೆ ಮಲಗು, ಚಾಸಿ ಬಡಿದು ನೋಡು:
ಟಣ್ ಅಂದರೆ ಜೀವ ಇದೆ,
ತಪ್ ಅಂದರೆ ಮನೆಗೆ ಹೋಗೋಣ.

ಟಣ್, ಟಣ್, ಟಣ್, ತಪ್, ಟಣ್.

ಮೇಲೆ ಥಳಕು ಒಳಗೆ ಹುಳುಕು, ಗೊತ್ತಿದ್ದೇ ಬಂದದ್ದು.
ಪೆಟ್ರೋಲ್ ಟ್ಯಾಂಕಿನ ಬೆನ್ನಿಗೆ ಕಾರ್ಖಾನೆಯವರು ಅಂಟಿಸಿದ
ಜಾತಕದ ಕಾಗದ ಹುಡುಕಿದೆವು.
ಇಲಿ ಅದನ್ನು ಎಳೆಎಳೆಯಾಗಿ ಸೀಳಿ
ಬಾಣಂತನಕ್ಕೆ ಹಾಸಿಗೆ ಮಾಡಿಕೊಂಡಿತ್ತು.
ಒಂದು ಚೂರಿನಲ್ಲಿ ಒಂದು ಏಳು ಉಳಿದಿತ್ತು,
ಯಾವುದರ ಏಳೋ.

ಇಂಜಿನ್ನಿನ ಸಂಖ್ಯೆ ಕಾರಿನ ಸಂಖ್ಯೆಗೆ ಕೂಡಲಿಲ್ಲ.
ಹಾರ್ಲನ್ ಬೂಟಿನ ತುದಿ ನೋಡಿಕೊಂಡ.
"ಮೊದಲಿನದು ಸಿಡಿಯಿತು, ಎಪ್ಪತ್ತೆಂಟರಲ್ಲಿ. ನನ್ನ ತಮ್ಮ...
ಇರಲಿ ಬಿಡಿ. ಗುಜರಿಯ ಪಿಕಪ್ಪಿನಿಂದ ಇದನ್ನು ತಂದು ಕೂರಿಸಿದೆ."

ಕನ್ನಡಿ ಚೂರು, ಟಾರ್ಚು ಹಿಡಿದು
ಇಂಜಿನ್ನಿನ ಹಿಂಬದಿಗೆ ತೋಳು ತೂರಿಸಿದೆ.
ಗ್ರೀಸನ್ನು ಹೆಬ್ಬೆರಳಿಂದ ಒರೆಸಿದರೆ
ಕನ್ನಡಿಯಲ್ಲಿ ತಿರುಗುಮುರುಗಾದ ಉಬ್ಬಕ್ಷರ:
ಎ, ಇಪ್ಪತ್ತೆರಡು, ಒಂದು.
ಎಪ್ಪತ್ತೊಂದರ ಜನವರಿ ಇಪ್ಪತ್ತೆರಡು.
ಪಕ್ಕದಲ್ಲೇ, ಮಿಶಿಗನ್ನಿನ ನಮ್ಮೂರ
ಎರಕದ ಮನೆಯ ಗುರುತು.

ಆ ಚಳಿಗಾಲ ಅಮ್ಮನಿಗೆ ರಾತ್ರಿ ಪಾಳಿ.
ಮನೆಯಲ್ಲಿ ಬ್ರೋನಿಸ್ಲಾವಾ, ಹಾಜರಿ ಚೀಟಿಯಲ್ಲಿ ಬರ್ನೀಸ್.
ಸಿಲಿಂಡರಿನ ಜಾಗ ಖಾಲಿ ಉಳಿಯಲೆಂದು
ಮರಳಿನ ತಿರುಳು ಒತ್ತುವ ಹೆಂಗಸರ ಸಾಲಿನಲ್ಲಿ ಐದನೆಯವಳು.
ಕುದಿಯುವ ಬೀಡು ಬಂದು ಸುತ್ತ ನಿಲ್ಲುತ್ತದೆ,
ಮರಳು ಉದುರಿಹೋಗುತ್ತದೆ,
ಉಳಿಯುವುದು ಅವಳು ಮಾಡಿದ ಟೊಳ್ಳು.
ಬೆಳಿಗ್ಗೆ ನಮ್ಮ ಓಟ್ಸ್ ಗಂಜಿಯಲ್ಲೂ
ಒಂದೆರಡು ಹರಳು ಕರಮ್ಮೆನ್ನುತ್ತಿತ್ತು.

ಇದು ಅವಳದೇ ಅಂತ ಹೇಗೆ ಹೇಳಲಿ?
ಅವತ್ತು ಅವಳು ಜ್ವರ ಬಂದು ಮಲಗಿದ್ದಿರಬಹುದು.

ತೋಳು ಹೊರಗೆಳೆದೆ. ಮುಖ ಗಂಟಿಕ್ಕಿದೆ.
"ಬೇರೆ ಇಂಜಿನ್ನು" ಅಂದೆ, "ಬೆಲೆ ಬಿದ್ದ ಹಾಗೆಯೇ."
ಸಾವಿರದೈನೂರು ಡಾಲರ್ ಇಳಿಸಿದ, ಪಾಪ.
ಚಾಸಿಯ ಆ ಒಂದು 'ತಪ್' ನೆನಪಿಸಿ
ಇನ್ನೂ ಇನ್ನೂರು ಇಳಿಸಿದೆ.
ಅಮ್ಮನಾಗಿದ್ದರೆ ಬೆಕ್ಕನ್ನೂ ಕೇಳುತ್ತಿದ್ದಳು.

ಹೊಸ ಬ್ಯಾಟರಿ ಕಟ್ಟಿ, ಪೆಟ್ರೋಲು ಗುಟುಕು ಕುಡಿಸಿ
ಕೀಲಿ ತಿರುವಿದರೆ ಕೆಮ್ಮಿತು, ಉಗುಳಿತು, ಇನ್ನೊಮ್ಮೆ ಕೆಮ್ಮಿತು.
ಆಮೇಲೆ ಕೊಟ್ಟಿಗೆಯ ತಗಡೆಲ್ಲ
ನಡುಗಲಿಕ್ಕೆ ಹತ್ತಿದವು.
ಮೂತಿಯೊಳಗಿನ ದೀಪದ ರೆಪ್ಪೆಗಳಲ್ಲಿ
ಎಡದ್ದು ಎದ್ದಿತು, ಬಲದ್ದು ಏಳಲಿಲ್ಲ.
"ಅದು ಮೊದಲಿನಿಂದಲೂ ಹಾಗೇ" ಅಂದ ಹಾರ್ಲನ್.

ಟ್ರೈಲರಿಗೆ ಬಿಗಿದು ಹೊರಟೆವು.
ಡ್ಯೂಯಿ ಚಿಂದಿ ಬಟ್ಟೆ ಚಾಚಿದ, ಬೆರಳು ಒರೆಸಿಕೋ ಎಂದು.
ಸ್ಟೀರಿಂಗು ಜಾರುತ್ತಿತ್ತು,
ಒರೆಸಿಕೊಂಡೆ.
ಇಂಡಿಯಾನಾ ಮುಗಿಯುವವರೆಗೂ ಹಿಂದಿನ ಕನ್ನಡಿಯಲ್ಲಿ
ಒಂದೇ ಕಣ್ಣು ತೆರೆದುಕೊಂಡು ಬರುತ್ತಿತ್ತು ಅದು,
ಗುಟ್ಟೊಂದು ಗೊತ್ತಿರುವ ಹಾಗೆ.